ಕನಸಿನ ಎಮ್ಮೆ ಮತ್ತು ಹನ್ನೊಂದು ಮಂದಿ ಹೆಣ್ಣುಮಕ್ಕಳು

ನಾನು ದನದ ಡಾಕ್ಟರಮ್ಮ, ಹಳ್ಳಿಯವರ ಬಾಯಲ್ಲಿ 'ಬಾಯಾರು'. ಕೆಲಸ ಬಬಲೇಶ್ವರದಲ್ಲಿ, ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ. ಇತ್ತೀಚೆಗೆ ನನ್ನ ದವಾಖಾನೆಗೆ ದನವನ್ನು ಮನೆಯಲ್ಲೇ ಬಿಟ್ಟು ಬರೀ ಕನಸು ಹಿಡಿದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಹೋದ ವಾರ ಒಬ್ಬ ಯಜಮಾನರು ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ದೇವರ ಮುಂದೆ ಕೂತಂತೆ ಬೆಂಚಿನ ತುದಿಗೆ ಕೂತರು.

"ಬಾಯಾರ, ಕನಸಿನ್ಯಾಗ ನಮ್ಮ ಹೋರಿ ನನ್ನ ಕೂಡ ಮಾತಾಡಿತ್ರಿ."

"ಏನಂತ್ರಿ?"

"ಅದ ನೆನಪ ಹಾರೈತ್ರಿ."

ಇಂಥ ರೋಗಕ್ಕೆ ಏನು ಔಷಧ ಬರೆಯಬೇಕೆಂದು ನಮಗೆ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಆದರೂ ನಾನು ಅವರನ್ನು ಹಾಗೇ ಕಳಿಸಲಿಲ್ಲ. ಹೋರಿ ಮೇವು ತಿನ್ನುತ್ತದೆಯೋ, ನಿನ್ನೆ ಸಂಜೆ ಹೇಗಿತ್ತು, ನೀವು ಅದರ ಹತ್ತಿರ ಕೂತು ಎಷ್ಟು ದಿನವಾಯಿತು ಎಂದೆಲ್ಲ ಕೇಳಿದೆ. ಅದರ ಹೆಗಲ ಮೇಲೊಂದು ನೊಗದ ಗಾಯ ಹದಿನೈದು ದಿನದಿಂದ ಹಾಗೇ ಇದೆಯೆಂದು ಆಗ ಹೊರಗೆ ಬಂತು. ಯಜಮಾನರು ಮುಲಾಮು ತೆಗೆದುಕೊಂಡು, ಕನಸಿಗೆ ಅರ್ಥ ಸಿಕ್ಕಿತೆಂಬ ಸಮಾಧಾನದಲ್ಲಿ ಹೋದರು.

ಈ ವಿದ್ಯೆ ನನ್ನದಲ್ಲ, ನನ್ನ ಆಯಿಯದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಟಿಕೋಟಾದಲ್ಲಿ ಆಕೆಯನ್ನು ಹೆಸರಿನಿಂದ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. "ಕಟ್ಟಿ ಆಯಿ" ಎನ್ನಬೇಕು. ಮನೆಯ ಮುಂದೆ ಉದ್ದಕ್ಕೆ ಒಂದು ಕಲ್ಲಿನ ಕಟ್ಟೆ. ಮುಂಜಾನೆ ಬಿಸಿಲು ಅದರ ಮೇಲೆ ಬೀಳುವ ಹೊತ್ತಿಗೆ ಆಯಿ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸಲು ಕೂಡುತ್ತಿದ್ದಳು. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ತಲೆಯ ಮೇಲೆ ಬುತ್ತಿ ಇಟ್ಟುಕೊಂಡೇ ಅಲ್ಲಿ ನಿಲ್ಲುತ್ತಿದ್ದರು. ನಿಂತು, ರಾತ್ರಿ ಬಿದ್ದ ಕನಸು ಹೇಳುತ್ತಿದ್ದರು. ಆಯಿ ಎಲ್ಲ ಕನಸುಗಳನ್ನು ಕೇಳುತ್ತಿರಲಿಲ್ಲ. ಸತ್ತವರು ಬಂದದ್ದು, ಹಲ್ಲು ಬಿದ್ದದ್ದು, ಬಾವಿಗೆ ಬಿದ್ದದ್ದು ಇವೆಲ್ಲ ಬೇರೆಯವರ ಖಾತೆ. ಕನಸಿನಲ್ಲಿ ಪ್ರಾಣಿ ಬಂದಿದ್ದರೆ ಮಾತ್ರ ಆಕೆ ಮೊರ ಕೆಳಗಿಡುತ್ತಿದ್ದಳು.

ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಅರ್ಥಗಳು ಬೇರೆ ಇದ್ದವು. ಹಾವು ಬಂದರೆ ನಾಗಪ್ಪನ ಹರಕೆ ಬಾಕಿ, ಆನೆ ಬಂದರೆ ಶುಭ, ಕೋತಿ ಬಂದರೆ ಹನುಮಪ್ಪ ನೆನೆಸಿದ್ದಾನೆ, ನಾಯಿ ಕಚ್ಚಿದರೆ ನೆಂಟರಲ್ಲಿ ಯಾರೋ ಹಲ್ಲು ಮಸೆಯುತ್ತಿದ್ದಾರೆ. ಆಯಿ ಇದ್ಯಾವುದನ್ನೂ ಹೇಳುತ್ತಿರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ. ಕನಸು ಪೂರ್ತಿ ಕೇಳಿ, ಕೊನೆಗೆ ಒಂದೇ ಮಾತು: "ಅದಿರಲಿ. ನಿನ್ನಿ ಸಂಜಿಮುಂದ ಏನ್ ನೋಡಿದಿ?"

ಒಮ್ಮೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಳು. ಮೂರು ದಿನದಿಂದ ಒಂದು ಬೆಕ್ಕು ಕನಸಿನಲ್ಲಿ ಬರುತ್ತಿದೆ, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮನೆ ಮನೆ ತಿರುಗುತ್ತಿದೆ, ಎಲ್ಲೂ ಕೆಳಗಿಡುತ್ತಿಲ್ಲ. ಅತ್ತೆಗೆ ಗಾಬರಿ, ಬೆಕ್ಕೆಂದರೆ ಕಳವು. ಆಯಿ ಹುಡುಗಿಯನ್ನು, ನಿನ್ನೆ ಸಂಜೆ ಏನು ನೋಡಿದೆ ಎಂದು ಕೇಳಿದಳು. ತನ್ನ ಊರಿನ ಬಸ್ಸು ಹೋಗುವುದನ್ನು ನೋಡಿದೆ ಎಂದಳು ಹುಡುಗಿ. ಮೊನ್ನೆ? ಮೊನ್ನೆಯೂ ಅದೇ ಬಸ್ಸು. ಆಯಿ ಅತ್ತೆಯ ಕಡೆ ತಿರುಗಿ ಗಂಭೀರವಾಗಿ, "ಈ ಬೆಕ್ಕ ಭಾಳ ಹಟಮಾರಿ ಐತವ್ವ. ಹುಡುಗಿ ಎಂಟ ದಿನ ತವರಮನ್ಯಾಗ ಮಲಗಿದ್ರಷ್ಟ ಹೋಗ್ತೈತಿ" ಎಂದಳು. ಮರುದಿನವೇ ಹುಡುಗಿ ಬಸ್ಸು ಹತ್ತಿದಳು. ಬೆಕ್ಕು ಮತ್ತೆ ಬರಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನನಗೆ ಕನಸೇ ಬೀಳುತ್ತಿರಲಿಲ್ಲ. ಇದು ನನ್ನ ಬಾಲ್ಯದ ದೊಡ್ಡ ಅವಮಾನ. ಓರಗೆಯ ಹುಡುಗಿಯರಿಗೆ ಹುಲಿ, ಚಿರತೆ, ಏಳು ಹೆಡೆಯ ಸರ್ಪ ಬರುತ್ತಿದ್ದವು. ನನಗೆ ಒಂದು ಇಲಿ ಕೂಡ ಬರುತ್ತಿರಲಿಲ್ಲ. ದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಎಚ್ಚರ. ಎರಡನೆಯ ಇಯತ್ತೆಯಲ್ಲಿದ್ದಾಗ ತಡೆಯಲಾಗದೆ ನಾನೊಂದು ಕನಸು ಕಟ್ಟಿದೆ. ಒಂದು ಸಿಂಹ ಬಂತು, ದೊಡ್ಡ ಗುಮ್ಮಟದೊಳಗೆ ನಿಂತು ಒಮ್ಮೆ ಗರ್ಜಿಸಿತು, ಆ ಗರ್ಜನೆ ಏಳು ಸಲ ಕೇಳಿತು ಎಂದು ಕಟ್ಟೆಯ ಮೇಲೆ ನಿಂತು ಎಲ್ಲರೆದುರು ಹೇಳಿದೆ. ಆಯಿ ಕೇಳಿದಳು: "ನಿನ್ನಿ ಸಂಜಿಮುಂದ ಏನ್ ನೋಡಿದಿ?" ನಾನು ನಿಜ ಹೇಳಿಬಿಟ್ಟೆ. ಹಿಂದಿನ ದಿನ ಶಾಲೆಯಿಂದ ನಮ್ಮನ್ನು ಗೋಳಗುಮ್ಮಟಕ್ಕೆ ಕರೆದೊಯ್ದಿದ್ದರು. ಅಲ್ಲಿ ಮೇಲೆ ಹತ್ತಿ ನಾನು ನನ್ನ ಹೆಸರನ್ನೇ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೆ.

"ಇದು ಕನಸಲ್ಲ ಬೇ, ಟ್ರಿಪ್" ಎಂದಳು ಆಯಿ. ಬುತ್ತಿ ಹೊತ್ತವರೆಲ್ಲ ನಕ್ಕ ನಗು ನನಗೆ ಏಳು ಸಲ ಕೇಳಿತು.

ಅದರ ಸೇಡು ತೀರಿಸಿಕೊಳ್ಳಲೆಂದೇ ನಾನು ದನದ ಡಾಕ್ಟರಾದೆ ಎಂದರೆ ನೀವು ನಂಬಬಾರದು. ನಮ್ಮ ಮನೆಯ ಆಕಳೊಂದು ಹೊಟ್ಟೆ ಉಬ್ಬರಿಸಿ ಒದ್ದಾಡುತ್ತಿದ್ದಾಗ ಡಾಕ್ಟರೊಬ್ಬರು ಬಂದು ಒಂದೇ ಸೂಜಿಯಲ್ಲಿ ಗಾಳಿ ಬಿಟ್ಟು ಬದುಕಿಸಿದ್ದನ್ನು ನೋಡಿ ಆ ಆಸೆ ಹುಟ್ಟಿತ್ತು. ಬೀದರಿಗೆ ಓದಲು ಹೋದೆ. ಎರಡನೆಯ ವರ್ಷದ ರಜೆಗೆ ಇಬ್ಬರು ಗೆಳತಿಯರನ್ನು ಟಿಕೋಟಾಕ್ಕೆ ಕರೆದುಕೊಂಡು ಬಂದೆ. ಮುಂಜಾನೆ ಕಟ್ಟೆಯ ಮೇಲೆ ಎಂದಿನಂತೆ ದರ್ಬಾರು ನಡೆದಿತ್ತು. ಯಾರದೋ ಕನಸಿನಲ್ಲಿ ಬಂದ ಕುದುರೆಯ ಬಗ್ಗೆ ಆಯಿ ವಿಚಾರಿಸುತ್ತಿದ್ದಳು. ಗೆಳತಿಯರು ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿಕೊಂಡು ನಕ್ಕರು. ನನ್ನ ಕಿವಿ ಬಿಸಿಯಾದವು.

"ಆಯಿ, ಪ್ರಾಣಿ ಕನಸಿನ್ಯಾಗ ಬಂದ್ರ ಏನೂ ಆಗಂಗಿಲ್ಲ" ಎಂದೆ, ಎಲ್ಲರಿಗೂ ಕೇಳುವಂತೆ. "ಅದು ಬರೀ ಮಿದುಳಿನ ಆಟ. ಮಂದಿಗಿ ಸುಳ್ಳ ಹೇಳಬ್ಯಾಡ."

ಆಯಿ ನನ್ನನ್ನು ನೋಡಲಿಲ್ಲ. ಮೊರವನ್ನು ಹತ್ತಿರಕ್ಕೆಳೆದುಕೊಂಡು ಜೋಳದಲ್ಲಿ ಬೆರಳಾಡಿಸಿದಳು. "ಹೌದ ಬೇ. ನೀ ಓದಿದಾಕಿ" ಎಂದಳು.

ಅಷ್ಟೇ. ಬೈಯಲಿಲ್ಲ, ಮುನಿಸಿಕೊಳ್ಳಲಿಲ್ಲ. ಆದರೆ ಅಂದಿನಿಂದ ನಾನು ಊರಿಗೆ ಹೋದಾಗಲೆಲ್ಲ ಕಟ್ಟೆ ಖಾಲಿ ಇರುತ್ತಿತ್ತು. ಬುತ್ತಿಯ ಹೆಣ್ಣುಮಕ್ಕಳು ದೂರದಿಂದಲೇ ನನ್ನನ್ನು ನೋಡಿ, "ಮೊಮ್ಮಗಳು ಬಂದಾಳ" ಎಂದು ತಮ್ಮೊಳಗೆ ಅಂದುಕೊಂಡು ಮುಂದೆ ಹೋಗಿಬಿಡುತ್ತಿದ್ದರು. ಆಯಿ ನನಗೆ ರೊಟ್ಟಿ ಬಡಿದು ಹಾಕುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಆದರೆ ಕನಸಿನ ಮಾತು ಮಾತ್ರ ಆಡುತ್ತಿರಲಿಲ್ಲ. ನಾನು ಪದವಿ ಪಡೆದೆ, ಕೆಲಸ ಸಿಕ್ಕಿತು, ಬಬಲೇಶ್ವರಕ್ಕೆ ಬಂದೆ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರದೆ ಎಷ್ಟೋ ವರ್ಷ ಕಳೆದವು.

ಇನ್ನು ಎಮ್ಮೆಯ ವಿಷಯ. ಅದಕ್ಕೆ ಮೊದಲು ಎಮ್ಮೆಯ ಪರವಾಗಿ ಒಂದು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ಮೋಸ. ನಮ್ಮ ಕಡೆ ಚಹಾಕ್ಕೆ ಹಾಲು ಎಮ್ಮೆಯದು, ಮೊಸರು ಎಮ್ಮೆಯದು, ರೊಟ್ಟಿಯ ಮೇಲಿನ ಬೆಣ್ಣೆ ಎಮ್ಮೆಯದು. ಆದರೆ ಕನಸಿನಲ್ಲಿ ಆಕಳು ಬಂದರೆ ಲಕ್ಷ್ಮಿ, ಎಮ್ಮೆ ಬಂದರೆ ಯಮ. ಪಾಪ, ಅದು ಏನು ಮಾಡಿತ್ತು? ಯಾವ ಕಾಲದಲ್ಲೋ ಯಮ ಏರಿದ್ದು ಕೋಣವನ್ನು. ಅಪವಾದ ಹೊತ್ತದ್ದು ಎಮ್ಮೆ. ಮನೆಯಲ್ಲಿ ಗಂಡಸಿನ ತಪ್ಪಿಗೆ ಹೆಂಗಸು ಬೈಸಿಕೊಳ್ಳುವ ಪದ್ಧತಿ ದನಗಳಲ್ಲೂ ಇದೆ ಎಂದು ನನಗೆ ಆಗಾಗ ಅನಿಸುತ್ತದೆ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ನಾನು ದವಾಖಾನೆಯ ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮೂವತ್ತರ ಆಸುಪಾಸು, ಇಳಕಲ್ಲ ಸೀರೆ, ಮೊಣಕಾಲ ತನಕ ದಾರಿಯ ಧೂಳು. ಹೆಸರು ಶಾಂತವ್ವ. ಊರಿಗೆ ಎರಡು ಮೈಲಿ ಆಚೆ ಹೊಲದಲ್ಲಿರುವ ಒಂದು ವಸ್ತಿಯಿಂದ ನಡೆದು ಬಂದಿದ್ದಳು. ಏಳೆಂಟು ಮನೆಗಳ ವಸ್ತಿ ಅದು.

"ಎಮ್ಮಿ ತೋರಸಬೇಕಿತ್ರಿ" ಎಂದಳು.

"ಎಲ್ಲೈತಿ?"

"ಮನ್ಯಾಗ ಐತ್ರಿ."

"ಏನಾಗೈತಿ?"

"ಏನೂ ಆಗಿಲ್ರಿ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಕನಸಿನ್ಯಾಗ ಬಂದಿತ್ರಿ."

ನನ್ನ ಸಹಾಯಕ ನಿಂಗಪ್ಪ ಕಸ ಗುಡಿಸುತ್ತಿದ್ದವನು ನಿಂತೇಬಿಟ್ಟ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹಿರಿಯ. ಹಗ್ಗದ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಕುಚೇಷ್ಟೆಯಲ್ಲೂ ಇಲ್ಲ. "ಬಾಯಾರ, ಕನಸಿನ ಎಮ್ಮಿಗಿ ಸೂಜಿ ಕನಸಿನ್ಯಾಗ ಮಾಡೋದೇನ್ರಿ?" ಎಂದ.

ಶಾಂತವ್ವ ನಗಲಿಲ್ಲ. "ನೀವು ಟಿಕೋಟದ ಕಟ್ಟಿ ಆಯಿ ಮೊಮ್ಮಗಳಂತಲ್ರಿ? ನನ್ನ ತವರು ಅಲ್ಲೇ ಬಾಜು ಐತಿ. ಸಣ್ಣಾಕಿದ್ದಾಗ ನಮ್ಮವ್ವನ ಕೂಡ ಕಟ್ಟಿಗಿ ಬಂದಿದ್ದೆ. ನೀವೂ ಅರ್ಥ ಹೇಳ್ತಿರಬೇಕಂತ ಬಂದೇನ್ರಿ" ಎಂದಳು.

ನನ್ನ ಕಿವಿ ಮತ್ತೆ ಬಿಸಿಯಾದವು. ಇದು ದವಾಖಾನೆ, ಇಲ್ಲಿ ಅದೆಲ್ಲ ಹೇಳುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳು ಆಗಲೇ ಹೇಳತೊಡಗಿದ್ದಳು. ಎಮ್ಮೆಯ ಹೆಸರು ಗೌರಿ. ಅವಳ ಅವ್ವ ಸಾಯುವ ಮುಂಚೆ ಕೊಟ್ಟ ಮಣಕ ಬೆಳೆದು ಎಮ್ಮೆಯಾದದ್ದು. ಇದು ಚೊಚ್ಚಲು, ದಿನ ತುಂಬಿದೆ. ಕನಸಿನಲ್ಲಿ ಗೌರಿ ಅವಳ ತವರುಮನೆಯ ಹೊಸ್ತಿಲ ಮೇಲೆ ನಿಂತಿತ್ತಂತೆ. ಒಳಗೂ ಬಾರದು, ಹೊರಗೂ ಹೋಗದು. ಬಾ ಎಂದರೆ ಅವಳ ಮುಖವನ್ನೇ ನೋಡುವುದು, ಕೂಡುವುದು, ಏಳುವುದು. ಅತ್ತೆ ಕೇಳಿ, ಎಮ್ಮೆ ಹೊಸ್ತಿಲಿಗೆ ಬಂದರೆ ಮನೆಯಲ್ಲಿ ಒಂದು ಜೀವ ಹೋಗುತ್ತದೆ, ಶನಿವಾರ ಹನುಮಪ್ಪನಿಗೆ ಎಣ್ಣೆ ಹಾಕಬೇಕು ಎಂದಿದ್ದಳು. ಗಂಡ ಮಲ್ಲಪ್ಪ ಕೇಳಿ, "ನಿನ್ನ ಕನಸಿಗಿ ನಾ ಪೆಟ್ರೋಲ್ ಸುಡಂಗಿಲ್ಲ" ಎಂದು, ತಮ್ಮನ ಮದುವೆಯ ಮಾತುಕತೆಗೆಂದು ವಸ್ತಿಯ ಗಂಡಸರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬೆಳಕು ಹರಿಯುತ್ತಲೇ ಕನಮಡಿಗೆ ಹೋಗಿದ್ದ.

ಶಾಂತವ್ವನ ಕಣ್ಣಲ್ಲಿ ನೀರಿತ್ತು. ಆಗ ನನ್ನ ಬಾಯಿಂದ, ನಾನು ಕರೆಯದೆಯೇ, ಆಯಿಯ ಮಾತು ಬಂತು.

"ಅದಿರಲಿ. ನಿನ್ನಿ ಸಂಜಿಮುಂದ ಏನ್ ನೋಡಿದಿ?"

ಶಾಂತವ್ವ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಯಾರೂ ಕೇಳದೆ ಇದ್ದದ್ದನ್ನು ಹುಡುಕಿ ತೆಗೆಯುವಂತೆ ನಿಧಾನವಾಗಿ ಹೇಳಿದಳು. "ನಿನ್ನಿ ಮಧ್ಯಾಹ್ನದಿಂದ ಮೇವ ಮುಟ್ಟಿಲ್ರಿ. ಸಂಜಿಮುಂದ ಹಿಂಗಾಲಲೆ ಹೊಟ್ಟಿ ಒದ್ಕೊಳ್ಳಾಕತ್ತಿತ್ತು. ಕೂಡೂದು, ಏಳೂದು. ಅತ್ತಿಯಾರು ಈಯೂ ಹೊತ್ತಿನ್ಯಾಗ ಹಂಗ ಮಾಡ್ತಾವ ಅಂದ್ರು."

"ನೀರಿನ ಚೀಲ ಕಾಣಿಸ್ತೇನು?"

"ಇಲ್ರಿ."

"ಈಗ ಹೆಂಗೈತಿ?"

"ಈಗ ಸುಮ್ನ ಆಗೈತ್ರಿ. ಬೆನ್ನ ಇಳಿಸಿ ನಿಂತೈತಿ. ಮುಂಜಾನಿಂದ ಒದ್ದಿಲ್ಲ."

ಒದ್ದಾಡುವ ದನಕ್ಕೆ ನಾನು ಹೆದರುವುದಿಲ್ಲ. ನೋವಿದ್ದೂ ಸುಮ್ಮನಾದ ದನಕ್ಕೆ ಹೆದರುತ್ತೇನೆ. ನಿಂಗಪ್ಪನ ಮುಖದ ನಗು ಕೂಡ ಹೋಗಿತ್ತು. ಅವನು ಆಗಲೇ ಹಗ್ಗದ ಚೀಲ ಹೆಗಲಿಗೇರಿಸಿದ್ದ. ಶಾಂತವ್ವನನ್ನು ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ; ನಿಂಗಪ್ಪ ಸೈಕಲ್ಲಿನ ಮೇಲೆ ಹಿಂದೆ ಬಂದ. ಹೊಲದ ದಾರಿಯಲ್ಲಿ ಸ್ಕೂಟಿ ಎರಡು ಸಲ ನಮ್ಮಿಬ್ಬರನ್ನೂ ಕೆಳಗಿಳಿಸಿತು. ಎರಡೂ ಸಲ ಅವಳೇ ಅದನ್ನು ಎತ್ತಿ ನಿಲ್ಲಿಸಿದಳು.

ಗೌರಿ ಬೇವಿನ ಗಿಡದ ಕೆಳಗೆ ನಿಂತಿತ್ತು. ಕೈಗವಸು ಹಾಕಿಕೊಂಡು ಒಳಗೆ ಕೈಯಿಟ್ಟೆ. ದಾರಿ ನೇರವಾಗಿರಲಿಲ್ಲ, ಸುರುಳಿಯಾಗಿ ಬಲಕ್ಕೆ ತಿರುಚಿಕೊಂಡಿತ್ತು. ಎರಡು ಬೆರಳಷ್ಟೇ ಮುಂದೆ ಹೋದವು. ಬೆರಳ ತುದಿಗೆ ಗೊರಸೊಂದು ತಾಕಿತು. ಅದನ್ನು ಒತ್ತಿ ಹಿಡಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಗೊರಸು, ನಿದ್ದೆಯಲ್ಲಿ ಕಾಲು ಮುಟ್ಟಿದರೆ ಕೂಸು ಎಳೆದುಕೊಳ್ಳುವಂತೆ, ಮೆಲ್ಲನೆ ಹಿಂದಕ್ಕೆ ಸರಿಯಿತು.

"ಕರ ಜೀವಂತ ಐತಿ!" ಎಂದು ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಅಷ್ಟರಲ್ಲಿ ವಸ್ತಿಯ ಹೆಣ್ಣುಮಕ್ಕಳೆಲ್ಲ ಸೇರಿದ್ದರು. ಅವರಿಗೆ ತಿಳಿಯುವಂತೆ ಹೇಳಿದೆ. "ಹಸಿ ಸೀರಿ ಹಿಂಡ್ತೀರಲ್ಲ, ಹಂಗ ಒಳಗ ಗರ್ಭದ ಚೀಲ ತಿರುವಿಕೊಂಡೈತಿ. ಕರ ಬರಾಕ ದಾರಿ ಇಲ್ಲ. ಎಮ್ಮಿನ ಕೆಡವಿ, ಹೊಟ್ಟಿ ಮ್ಯಾಲೆ ಹಲಗಿ ಇಟ್ಟು, ಒಬ್ಬರು ಹಲಗಿ ಮ್ಯಾಲೆ ನಿಂತು ಒಳಗಿನ ಕರ ಅಲುಗದಂಗ ಹಿಡೀಬೇಕು. ಉಳಿದಾವರು ಎಮ್ಮಿನ ಉಳ್ಳಸಬೇಕು. ಹೊರಗಿನ ಮೈ ತಿರುಗಿತಂದ್ರ ಒಳಗಿನ ಹಿಂಡು ಬಿಚ್ಚತೈತಿ."

"ಬಾಯಾರ, ಇದಕ್ಕ ಎಂಟ ಹತ್ತ ಗಂಡಾಳ ಬೇಕ್ರಿ" ಎಂದ ನಿಂಗಪ್ಪ. "ಗಂಡಸರು ಕನಮಡಿಂದ ಬರೂತನಾ ಕಾಯೂಣು."

ಫೋನು ಮಾಡಿಸಿದೆವು. ಮಾತುಕತೆ ಇನ್ನೂ ಶುರುವೇ ಆಗಿರಲಿಲ್ಲ; ಮೊದಲ ಸುತ್ತಿನ ಚಹಾ ನಡೆದಿತ್ತು. ಗೌರಿಗೆ ಅಷ್ಟು ಹೊತ್ತಿರಲಿಲ್ಲ. ವಿಜಯಪುರಕ್ಕೆ ಸಾಗಿಸಿ ಆಪರೇಷನ್ ಮಾಡಿಸೋಣವೆಂದರೆ ಇದ್ದ ಒಂದು ಟೆಂಪೋ ಕೂಡ ಚಹಾ ಕುಡಿಯಲು ಹೋಗಿತ್ತು.

ಶಾಂತವ್ವ ಸುತ್ತಲೂ ನಿಂತವರನ್ನು ನೋಡಿದಳು. ಬೆರಳು ಮಾಡಿ ಎಣಿಸಿದಳು. "ಹನ್ನೊಂದ ಮಂದಿ ಅದೀವ್ರಿ. ಕಬ್ಬಿನ ಹೊರಿ ಹೊರೂ ಕೈ ಇವು. ಎಮ್ಮಿ ಉಳ್ಳಸಾಕ ಆಗಂಗಿಲ್ಲೇನು?"

ಎಲ್ಲರೂ ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿದರು. ಅದೇ ಉತ್ತರ.

ಅತ್ತೆ ಗುರವ್ವ ಮಾತ್ರ ಒಪ್ಪಲಿಲ್ಲ. ಎಪ್ಪತ್ತು ದಾಟಿದ ಮುದುಕಿ, ಕಡ್ಡಿಯಂಥ ಮೈ. "ಬಸರಿ ಎಮ್ಮಿನ ಉಳ್ಳಾಡಸ್ತೀರೇನ ಬೇ? ನಿಮ್ಮನ್ನ ಬಸರಿದ್ದಾಗ ಯಾರರೆ ಉಳ್ಳಾಡಸಿದ್ರೇನ?" ಎಂದು ಬೈಯುತ್ತ ನಡುವೆ ಬಂದು ನಿಂತಳು. ನಾನು ಅವಳ ಕೈ ಹಿಡಿದು, ಸುಮ್ಮನಿದ್ದರೆ ಎರಡು ಜೀವ ಹೋಗುತ್ತವೆ, ಮಾಡಿದರೆ ಎರಡೂ ಉಳಿಯಬಹುದು ಎಂದೆ. ಅವಳು ಗೌರಿಯ ಮುಖ ನೋಡಿದಳು. ಬದಿಗೆ ಸರಿದಳು.

ನಿಂಗಪ್ಪ ಹಗ್ಗ ಹಾಕಿ, ಜೋಳದ ಒಣದಂಟಿನ ಕಣಕಿ ಹರಡಿದ ನೆಲದ ಮೇಲೆ ಗೌರಿಯನ್ನು ಬಲಮಗ್ಗುಲಿಗೆ ಮೆತ್ತಗೆ ಕೆಡವಿದ. ಮುಂಗಾಲು ಎರಡು ಕೂಡಿಸಿ ಒಂದು ಹಗ್ಗ, ಹಿಂಗಾಲು ಕೂಡಿಸಿ ಒಂದು ಹಗ್ಗ. ಹಳೆಯ ಬಾಗಿಲಿನ ಹಲಗೆಯೊಂದು ಬಂತು. ಈಗ ಹಲಗೆಯ ಮೇಲೆ ನಿಲ್ಲುವವರು ಯಾರು? ನಾನು ಚಪ್ಪಲಿ ಬಿಟ್ಟೆ. ನಿಂಗಪ್ಪ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಹಗ್ಗದ ಗಂಟಿನ ಕಡೆ ಕಣ್ಣು ತಿರುಗಿಸಿ, "ಬಾಯಾರ ಒಳಗ ಕೈ ಹಾಕಿ ನೋಡಬೇಕಲ್ರಿ... ಹಗರ ಇದ್ದಾವರು ಯಾರರೆ ನಿಂದರಲಿ" ಎಂದ. ಇಪ್ಪತ್ತು ವರ್ಷದ ಸರ್ಕಾರಿ ಚಹಾ, ಮಿರ್ಚಿ ಭಜಿಯ ಫಲ ನನ್ನ ಸೊಂಟದ ಸುತ್ತ ಇತ್ತು. ನಾನು ಮತ್ತೆ ಚಪ್ಪಲಿ ಹಾಕಿಕೊಂಡೆ.

"ನಾ ನಿಂದರತೀನಿ" ಎಂಬ ದನಿ ಬಂತು. ಗುರವ್ವ.

ಎಲ್ಲರೂ ತಿರುಗಿ ನೋಡಿದರು. ಮುದುಕಿ ಆಗಲೇ ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದಳು. ಇಬ್ಬರು ಅವಳ ಎರಡೂ ಕೈ ಹಿಡಿದರು. ಉಳಿದವರು ಹಗ್ಗ ಹಿಡಿದರು. ನಾನು ಹೇಳಿದಂತೆ ಎಲ್ಲರೂ ಒಮ್ಮೆಲೇ ಎಳೆದರು. ಗೌರಿಯ ಕಾಲು ಆಕಾಶಕ್ಕೆದ್ದವು, ದೊಡ್ಡ ಕರಿ ಮೈ ಬಂಡೆ ಉರುಳಿದಂತೆ ಈ ಕಡೆಯಿಂದ ಆ ಕಡೆಗೆ ಉರುಳಿತು. ಗುರವ್ವ ಹಲಗೆಯ ಮೇಲೆ ಕಾಲು ಸರಿಸುತ್ತ, "ನಿಂದ್ರ ಯವ್ವಾ, ನಿಂದ್ರ ನನ್ನವ್ವಾ" ಎಂದು ಎಮ್ಮೆಯನ್ನು ಸಂತೈಸುತ್ತಲೇ ಇದ್ದಳು.

ಒಳಗೆ ಕೈಯಿಟ್ಟೆ. ಸುರುಳಿ ಹಾಗೇ ಇತ್ತು.

"ಇನ್ನೊಮ್ಮೆ."

ಎರಡನೆಯ ಸಲ ಒಂದು ಹಗ್ಗ ಜಾರಿ ನಾಲ್ವರು ಕಣಕಿಯ ಮೇಲೆ ಬಿದ್ದರು. ಎದ್ದು, ಕೈ ಉಜ್ಜಿಕೊಂಡು ಮತ್ತೆ ಹಿಡಿದರು. ಈ ಸಲ ನನ್ನ ಬೆರಳು ಒಂದು ಗೇಣು ಮುಂದೆ ಹೋಯಿತು. ಆದರೆ ಗೌರಿಯ ಉಸಿರು ಭಾರವಾಗಿತ್ತು. ಇನ್ನು ಒಂದು ಸಲಕ್ಕಿಂತ ಹೆಚ್ಚು ತಡೆಯುವಂತೆ ಕಾಣಲಿಲ್ಲ. ನನ್ನ ಮುಖ ನೋಡಿ ಅದು ಶಾಂತವ್ವನಿಗೆ ತಿಳಿದುಹೋಯಿತು. ಅವಳು ಹಗ್ಗ ಬಿಟ್ಟು ಬಂದು ಗೌರಿಯ ಕಿವಿಯಲ್ಲಿ ಏನೋ ಹೇಳಿದಳು. ಮತ್ತೆ ಹೋಗಿ ಎಲ್ಲರಿಗಿಂತ ಮುಂದಿನ ಜಾಗ ಹಿಡಿದಳು.

"ಎಳೀರೇ!" ಎಂದಳು.

ಆ ಕೂಗು ನಾನು ಮರೆಯಲಾರೆ. ಹತ್ತು ಗಂಟಲುಗಳು ಅದಕ್ಕೆ ದನಿಗೂಡಿಸಿದವು. ಬೇವಿನ ಗಿಡದ ಗುಬ್ಬಿಗಳೆಲ್ಲ ಹಾರಿದವು. ಗೌರಿ ಉರುಳಿತು. ನಾನು ಮೊಣಕಾಲೂರಿ ಕೈಯಿಟ್ಟೆ. ಕೈ ಮಣಿಕಟ್ಟಿನ ತನಕ, ಮೊಣಕೈ ತನಕ, ತೋಳಿನ ತನಕ ತಡೆಯೇ ಇಲ್ಲದೆ ಒಳಗೆ ಹೋಯಿತು. ದಾರಿ ಬಿಚ್ಚಿತ್ತು. ಮರುಕ್ಷಣವೇ ತಡೆದು ನಿಂತಿದ್ದ ನೀರೆಲ್ಲ ಬುಳುಬುಳನೆ ಬಂದು ನನ್ನ ಮೈಮೇಲೆ ಸುರಿಯಿತು. ಅಷ್ಟು ಸಂತೋಷದಿಂದ ನಾನು ಹಬ್ಬದ ಎಣ್ಣೆನೀರನ್ನು ಕೂಡ ಹಾಕಿಸಿಕೊಂಡಿಲ್ಲ.

ಇನ್ನರ್ಧ ಗಂಟೆ ಬೇಕಾಯಿತು. ಗೌರಿ ಬೇನೆ ಕೊಟ್ಟಾಗ ಎಳೆಯುವುದು, ಬಿಟ್ಟಾಗ ಬಿಡುವುದು. ಮೊದಲು ಎರಡು ಗೊರಸು, ಆಮೇಲೆ ಮೂತಿ, ನಾಲಿಗೆ ಹೊರಗೆ ಚಾಚಿದ ಮೂತಿ. ಕರು ನೆಲಕ್ಕೆ ಜಾರಿತು. ಅಲುಗಲಿಲ್ಲ. ಮೂಗೊರೆಸಿದೆ, ಎದೆ ಉಜ್ಜಿದೆ, ನಿಂಗಪ್ಪ ಹಿಂಗಾಲು ಹಿಡಿದೆತ್ತಿದ. ಗುರವ್ವ ಒಂದು ಕಣಕಿ ಕಡ್ಡಿ ಮುರಿದು ನನ್ನ ಕೈಗಿತ್ತಳು. ಅದನ್ನು ಕರುವಿನ ಮೂಗಿನೊಳಗೆ ಆಡಿಸಿದೆ. ಕರು ಸೀನಿತು. ಒಂದು ಸಲ, ಎರಡು ಸಲ. ತಲೆ ಕೊಡವಿ ಕಿವಿ ಬಡಿಯಿತು.

"ಏನ್ರಿ ಬಾಯಾರ?" ಎಂದಳು ಶಾಂತವ್ವ.

"ಹೆಣ್ಣ."

ಹನ್ನೊಂದು ಮಂದಿ ಒಟ್ಟಿಗೆ ಮಾತಾಡತೊಡಗಿದರು. ಯಾರು ಎಷ್ಟು ಎಳೆದರು, ಯಾರು ಬಿದ್ದರು, ಯಾರ ಬಳೆ ಒಡೆಯಿತು ಎಂಬುದು ಕಣ್ಣೆದುರಿಗೇ ಕಥೆಯಾಗತೊಡಗಿತು. ಗೌರಿ ತಾನೇ ಎದ್ದು ನಿಂತು ಕರುವನ್ನು ನೆಕ್ಕಿತು.

ಕರುವಿನ ಹಿಂದೆ ಬರುವ ಮಾಸು ಬೀಳುವ ತನಕ ನಾನು ಅಲ್ಲೇ ಕಾಯಬೇಕಿತ್ತು. ಕೈ ತೊಳೆದುಕೊಂಡು ಗಿಡದ ನೆರಳಿಗೆ ಕೂತು ಟಿಕೋಟಾಕ್ಕೆ ಫೋನು ಹಚ್ಚಿದೆ. ಚಿಕ್ಕಪ್ಪನ ಹೆಂಡತಿ ಕಾಕು ಎತ್ತಿ ಆಯಿಗೆ ಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಕನಸು, ಹೊಸ್ತಿಲು, ಹಲಗೆ, ಕರು. ಆಮೇಲೆ, ಬೇರೆ ಯಾವುದೋ ಮಾತಿನಂತೆ, "ಆಯಿ, ನಾ ಆಕಿಗಿ ನೀ ಕೇಳೂ ಮಾತ ಕೇಳಿದೆ. ಅದಕ್ಕ ಗೊತ್ತಾತು. ಅವತ್ತ ಕಟ್ಟಿ ಮ್ಯಾಲೆ ನಾ ಅಂದದ್ದು ತಪ್ಪಾತು" ಎಂದೆ.

ಅತ್ತ ಕಡೆ ಆಯಿ ನಗುವುದು ಕೇಳಿತು.

"ಇಷ್ಟ ಕೇಳಾಕ ಬೀದರಕ್ಕ ಹೋಗಿದ್ದೇನ ಬೇ? ಕಟ್ಟಿ ಮ್ಯಾಲೇ ಹೇಳಿಕೊಡ್ತಿದ್ನಲ್ಲ." ಆಕೆಯ ದನಿ ಬದಲಾಯಿತು. "ಹೆಣ್ಮಗಳು ಕಣ್ಣಿಲೆ ನೋಡಿದ್ದು ಬಾಯಿಲೆ ಹೇಳಿದ್ರ ಮನ್ಯಾಗ ಯಾರೂ ಕೇಳಂಗಿಲ್ಲವ್ವ. ಕನಸು ಅಂದ್ರ ಕಿವಿ ಕೊಡ್ತಾರ. ಅದಕ್ಕ ನಾ ಕೇಳ್ತಿದ್ದೆ. ಫೋನ್ ಆ ಹುಡುಗಿ ಕೈಯಾಗ ಕೊಡು."

ಕೊಟ್ಟೆ. ಇಬ್ಬರೂ ಹಳೆಯ ಗೆಳತಿಯರಂತೆ ಮಾತಿಗೆ ಕೂತರು. ಶಾಂತವ್ವನ ತೀರಿಹೋದ ಅವ್ವನ ನೆನಪು, ತವರಿನ ಓಣಿಯ ಸುದ್ದಿ, ಗಿಣ್ಣಕ್ಕೆ ಎಷ್ಟು ಬೆಲ್ಲ ಹಾಕಬೇಕೆಂಬ ಸುದ್ದಿ. ನನ್ನ ಫೋನಿನ ಬ್ಯಾಟರಿ ಕೆಂಪಾಗುವ ಹೊತ್ತಿಗೆ ಟೆಂಪೋ ಬಂತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗಂಡಸರು ಒಬ್ಬೊಬ್ಬರಾಗಿ ಇಳಿದರು. ಮಲ್ಲಪ್ಪ ಎಲ್ಲರಿಗಿಂತ ಮುಂದೆ, ಹತ್ತು ಮಾರು ದೂರಕ್ಕೇ ಅತ್ತರಿನ ವಾಸನೆ. ಬಿಚ್ಚಿ ಬಿದ್ದ ಹಗ್ಗ, ಚೆಲ್ಲಾಡಿದ ಕಣಕಿ, ಬಾಗಿಲ ಹಲಗೆ, ಸೀರೆ ಎತ್ತಿ ಕಟ್ಟಿದ ಹೆಂಗಸರು ಇದನ್ನೆಲ್ಲ ನೋಡಿ ಅವನ ಹುಬ್ಬು ಮೇಲೇರಿದವು.

"ಏನಿದು? ನನ್ನ ಒಂದ ಮಾತ ಕೇಳೂದಿಲ್ಲೇನು?" ಎನ್ನುತ್ತ ಕರುವಿನ ಕಡೆ ಕೈ ಚಾಚಿ ಬಂದ.

ಶಾಂತವ್ವ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ತಡಿ ಆಯಿ, ಒಂದ ನಿಮಿಷ" ಎಂದಳು. ಇನ್ನೊಂದು ಕೈಯನ್ನು ಗಂಡನ ಎದೆಯ ಮಟ್ಟಕ್ಕೆ ಅಡ್ಡ ಹಿಡಿದಳು. "ಮೊದಲ ಕೈಕಾಲ ತೊಳ್ಕೊಂಡ ಬರ್ರಿ. ಅತ್ತರಿನ ವಾಸನಿ ಕೂಸಿಗಿ ಆಗಂಗಿಲ್ಲ."

ಮಲ್ಲಪ್ಪ ಸಹಾಯಕ್ಕೆಂದು ತಾಯಿಯ ಮುಖ ನೋಡಿದ. ಗುರವ್ವ ಅದೇ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತದೆ, ಸುಣ್ಣದ ಬೆರಳನ್ನೇ ನೀರಿನ ತೊಟ್ಟಿಯ ಕಡೆ ತೋರಿಸಿದಳು.

ಅವನು ಹೋದ. ಅವನ ಹಿಂದೆ ಬಿಳಿ ಅಂಗಿಗಳೆಲ್ಲ ಒಂದರ ಹಿಂದೊಂದು ಸಾಲಾಗಿ ತೊಟ್ಟಿಯ ಕಡೆ ನಡೆದವು. ಕರು ನಾಲ್ಕೂ ಕಾಲು ನಡುಗಿಸುತ್ತ ಎದ್ದು, ಒಮ್ಮೆ ಬಿದ್ದು, ಮತ್ತೆ ಎದ್ದು ಮೊಲೆಗೆ ಬಾಯಿ ಹಚ್ಚಿತು.

"ಹಾಂ ಆಯಿ, ಈಗ ಹೇಳು" ಎಂದಳು ಶಾಂತವ್ವ.